ಕೂತೇ ಹೊರಟವಳು

ಶ್ರಾವಣದ ನಸುಕು. ಓಣಿಗೆ ಹಾಲಿನವನು ಇನ್ನೂ ಬಂದಿರಲಿಲ್ಲ.

"ಎಬ್ಬಿಸಬ್ಯಾಡ್ರಿ, ಹಂಗ ಮಲಗಿಸ್ರಿ!" ಎಂದು ಸಿದ್ರಾಮಪ್ಪ ಬಾಗಿಲಿನಿಂದಲೇ ಕೂಗಿದ. ಹೆಂಡತಿ ಕಾಶವ್ವನ ತೋಳಿನಡಿ ಕೈಹಾಕಿ ಕೂಡಿಸಹೊರಟಿದ್ದ ಚನ್ನವೀರ ಅಣ್ಣನ ಕಡೆ ನೋಡಿದ. ಅವಳು ನಿದ್ದೆಯಲ್ಲೇ ತೀರಿಹೋಗಿದ್ದಳು. ಮೈ ಇನ್ನೂ ಬೆಚ್ಚಗಿತ್ತು.

"ಬೆನ್ನಾಗ ಸಳಿ ಅದಾವ, ಸ್ಕ್ರೂ ಅದಾವ. ಕೂಡ್ಸಲಿಕ್ಕೆ ಹೋದ್ರ ಮುರೀತದ. ಮಲಗಿಸಿ ಒಯ್ದು ಸುಟ್ಟು ಬರೂಣು."

"ನಮ್ಮ ಮಂದ್ಯಾಗ ಯಾರನ್ನ ಸುಟ್ಟಾರಣ್ಣಾ?"

"ಯಾರ ಬೆನ್ನಾಗ ಕಬ್ಬಿಣ ಇತ್ತು?"

ಲಿಂಗಪೂಜೆಗೆ ಕೂತಂತೆ ಕೂಡಿಸಿಯೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. "ಮೈ ಸೆಟಿಯೂದರಾಗ ಹೇಳ್ರಪ್ಪಾ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. "ಆಮ್ಯಾಲ ನನ್ನ ಕೈಲೇನೂ ಇಲ್ಲ."

*

ತೊಂಬತ್ತೇಳರ ಚಳಿಗಾಲದಲ್ಲಿ ಕಾಶವ್ವನ ಸೊಂಟದ ಬಳಿ ಬೆನ್ನುಮೂಳೆಯ ಮಣಿಯೊಂದು ಜಾಗ ಬಿಟ್ಟು ಮುಂದಕ್ಕೆ ಜಾರಿತ್ತು. ನೋವು ತೊಡೆಯಿಂದ ಹಿಮ್ಮಡಿಗೆ ಇಳಿಯುತ್ತಿತ್ತು. ಗೋಡೆಗೆ ಆತು ನಿಂತೇ ಪೂಜೆ ಮುಗಿಸುತ್ತಿದ್ದಳು.

"ಬೆನ್ನು ಕೊಯ್ಸಿಕೊಂಡವರು ಎದ್ದು ತಿರಿಗ್ಯಾಡಿದ್ದು ನಾ ಕಂಡಿಲ್ಲ," ಎಂದಿದ್ದ ಸಿದ್ರಾಮಪ್ಪ. ಡಾಕ್ಟರೂ ಖಾತ್ರಿ ಕೊಡಲಿಲ್ಲ. ಸಳಿ ಹಾಕಿ ಬಿಗಿದ ಮೇಲೆ ಆ ಮಣಿ ಅದರ ಕೆಳಗಿನದಕ್ಕೆ ಬೆಸೆದುಕೊಂಡರೆ ನೋವು ಇಳಿದೀತು, ಇಳಿಯದೆಯೂ ಇದ್ದೀತು ಎಂದರು.

"ಕುಂತು ಪೂಜಿ ಮಾಡೂವಂಗಾದ್ರ ಸಾಕ್ರಿ," ಎಂದಳು ಕಾಶವ್ವ.

ಆಪರೇಶನ್ ಆದಮೇಲೆ ಸೊಂಟಕ್ಕೆ ಪಟ್ಟಿ ಬಿಗಿದು ತಿಂಗಳುಗಟ್ಟಲೆ ಓಣಿಯಲ್ಲಿ ನಡೆದಳು. ಡಾಕ್ಟರು ಹೂಂ ಅಂದ ದಿನ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತವಳು, ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದರೂ ಏಳಲಿಲ್ಲ. ಬಗ್ಗುವುದೊಂದು ಮೊದಲಿನಂತಾಗಲಿಲ್ಲ. ಚಮಚ ಬಿದ್ದರೆ ಗಂಡನೇ ಎತ್ತಿಕೊಡಬೇಕು.

ಆದರೂ ಆಷಾಢದ ಯಾತ್ರೆಯಲ್ಲಿ ಪಾಲಖಿಯ ಹಿಂದೆ ನಡೆದು, ದಿವೆ ಘಾಟಿನ ಏರು ಹತ್ತಿ ಸಾಸವಡ ಊರು ಮುಟ್ಟಿದಳು. ಅರ್ಧ ಘಾಟಿನಲ್ಲಿ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕುಸಿದಿದ್ದ ಸಿದ್ರಾಮಪ್ಪನಿಗೆ, "ಏಳ್ರಿ ಭಾವಾರ, ನನ್ನ ಬೆನ್ನಾಗ ಉಕ್ಕು ಅದ. ನಿಮ್ಮದರಾಗ ಏನ್ ತುಂಬ್ಯಾರ, ಹತ್ತಿ?" ಎಂದಿದ್ದಳು.

*

"ಅಣ್ಣಾ," ಎಂದ ಚನ್ನವೀರ, "ಕೂಡಬೇಕಂತನ ಕೊಯ್ಸಿಕೊಂಡಾಕಿ ಆಕಿ. ಮಲಗಿಸಿ ಒಯ್ಯಾಂವ ನಾ ಅಲ್ಲ. ಮುರಿದ್ರ ನನ್ನ ಕೈಯಾಗ ಮುರೀಲಿ. ಹಿಡಿ."

ಸಿದ್ರಾಮಪ್ಪ ಪೇಟ ತೆಗೆದಿಟ್ಟು ಅವಳ ಬೆನ್ನಿಗೆ ಅಂಗೈ ಕೊಟ್ಟ.

ಮಂಡಿ ಮಡಚಿದವು. ತೊಡೆಯ ಕೀಲು ಮಡಚಿತು. ಕೂಡಲು ಬೇಕಾದದ್ದು ಅಷ್ಟೇ ಆಗಿತ್ತು. ಬೆನ್ನು ಎಳ್ಳಷ್ಟೂ ಬಾಗಲಿಲ್ಲ.

ಅಯ್ಯನವರು ವಿಭೂತಿ ಹಚ್ಚುತ್ತ, "ಭಾಳ ಮಂದೀನ ಕೂಡ್ಸೀನಿ," ಎಂದರು. "ಒಬ್ಬರು ಅತ್ತಾಗ ವಾಲ್ತಾರ, ಒಬ್ಬರು ಇತ್ತಾಗ. ಈ ತಾಯಿ ನೋಡ್ರಿ, ಹೆಂಗ ಕುಂತಾಳ!"

"ಇದ್ದಾಗೂ ನನ್ನ ಮಾತು ಕೇಳಲಿಲ್ಲ," ಎಂದ ಸಿದ್ರಾಮಪ್ಪ. ನಗುತ್ತಲೇ ಇದ್ದ, ಕಣ್ಣೀರು ಮೀಸೆಗಿಳಿದಿತ್ತು. "ಈಗ ಕೇಳ್ತಾಳೇನು!"

ಮಧ್ಯಾಹ್ನ ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಅವಳನ್ನು ಕೂಡಿಸಿ ಹೆಗಲಿಗೇರಿಸಿದರು. ಇಳಿಜಾರಿನಲ್ಲಿ ಹೊತ್ತವರ ಕಾಲು ತಡವರಿಸಿತು, ಹೂಮಾಲೆಗಳು ಓಲಾಡಿದವು. ಎದುರು ಮನೆಯಾಕೆ ಮಹಡಿಯ ಗ್ಯಾಲರಿಯಲ್ಲಿ ಕೈಮುಗಿದು ನಿಂತಿದ್ದಳು. ಅವಳ ಕಣ್ಣಿನ ಸಮಕ್ಕೆ, ಬೆನ್ನು ನೆಟ್ಟಗೆ, ಕಾಶವ್ವ ಹಾದುಹೋದಳು. ಅಂದು ಶ್ರಾವಣ ಸೋಮವಾರ, ಶಿವನ ದಿನ.