ಮನೆಗೆ ಬಾರದ ಧೂಳು

ಊದಿ, ಊದಿ, ಊದಿ, ಇನ್ನೂ ಇನ್ನೂ ಇನ್ನೂ, ನಿಲ್ಲಿಸ್ಬೇಡಿ — ಆಸ್ಪತ್ರೆಯ ಬಾಗಿಲಾಚೆ ಪರೀಕ್ಷೆ ಮಾಡುವ ಹುಡುಗಿಯ ಕೂಗು ಕೇಳಿದರೆ ಒಳಗೆ ಹೆರಿಗೆಯಾಗುತ್ತಿದೆ ಅಂದುಕೊಳ್ಳಬೇಕು, ಆದರೆ ಒಳಗಿರುವುದು ಹೊರಗೆ ಕಾಯುತ್ತಿರುವವಳ ಗಂಡ, ಗ್ಯಾಸ್ ಕಟ್ಟರ್ ಹಿಡಿದು ಕಬ್ಬಿಣ ಕತ್ತರಿಸುವವನು, ಎದೆಯಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಕೊಳವೆಗೆ ಊದಿ ತೋರಿಸುತ್ತಿದ್ದಾನೆ, ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳು, ಅವಳ ಗಂಟಲ ತಳದಲ್ಲಿ ಆ ತುರಿಕೆ ಶುರುವಾಗಿದೆ, ಇನ್ನೂ ಕೆಮ್ಮಾಗಿಲ್ಲ, ನುಂಗಿಕೋ, ಉಗುಳು ನುಂಗು, ಮೂಗಿನಿಂದ ಸಣ್ಣಗೆ ಎಳೆದುಕೋ, ಬಾಗಿಲು ತೆಳು ಪ್ಲೈವುಡ್ಡು, ಅವನ ಕಿವಿಯೋ ಮಹಾ ಚುರುಕು, ಇಲ್ಲಿ ಮಾತ್ರ ಬೇಡ. ಮನೆಯಲ್ಲಾದರೆ ನೆಪಗಳಿಗೆ ಬರವಿಲ್ಲ, ಮೆಣಸಿನಕಾಯಿ ಹುರಿದೆ ರೀ, ಕಸ ಗುಡಿಸಿದೆ ರೀ, ನೀರು ನೆತ್ತಿಗೆ ಹತ್ತಿತು ರೀ — ಅವಳು ಹುರಿದೆ ಎಂದು ಹೇಳಿದ ಮೆಣಸಿನಕಾಯಿಯನ್ನೆಲ್ಲ ನಿಜವಾಗಿ ಹುರಿದಿದ್ದರೆ ಇಡೀ ಬೀದಿ ಸೀನುತ್ತಿತ್ತು — ಇನ್ನು ದೊಡ್ಡ ಕೆಮ್ಮು ಬಂದರೆ ಬಚ್ಚಲಿಗೆ ಓಡಿ, ನಲ್ಲಿ ಜೋರಾಗಿ ಬಿಟ್ಟು, ಟವೆಲ್ಲು ಬಾಯಿಗೊತ್ತಿ ಕೆಮ್ಮಿದರಾಯಿತು. ಇಲ್ಲಿ ನಲ್ಲಿಯೂ ಇಲ್ಲ, ಎದುರಿಗೆ ತೂಕಡಿಸುವ ಒಬ್ಬ ಮುದುಕಿ, ಮೂಲೆಯಲ್ಲಿ ಬರಿದಾದ ನೀರಿನ ಡಬ್ಬ, ಎದ್ದು ಮೆಟ್ಟಿಲಿಳಿಯೋಣವೆಂದರೆ ಏಳುವ ಶ್ರಮಕ್ಕೇ ಕೆಮ್ಮು ಕಿತ್ತುಕೊಂಡು ಬರುತ್ತದೆ, ಅಲ್ಲಾಡದೆ ಕೂತಿರಬೇಕು.

ಯಾಕಿಷ್ಟು ಹಟ ಎಂದರೆ ಅವನಿಗಿರುವುದು ಒಂದೇ ಒಂದು ಸಮಾಧಾನ. ಒಂದು ಗೋದಾಮಿಗೆ ಮೊದಲು ಬೆಂಕಿ ಬಿತ್ತು, ಆಮೇಲೆ ಮಹಡಿಯ ಮೇಲೆ ಮಹಡಿ ಕುಸಿದು ಕೂತಿತು, ಕೆಳಗೆ ಜನ, ಇವನು ವಾರಗಟ್ಟಲೆ ಕಂಬಿ ಕತ್ತರಿಸಿ ದಾರಿ ಮಾಡಿಕೊಟ್ಟ, ಕೆಲವರು ಜೀವದೊಂದಿಗೆ ಹೊರಬಂದರು, ಬಹಳ ಮಂದಿ ಹಾಗೆ ಬರಲಿಲ್ಲ, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ, ಸಿಮೆಂಟಿನ ಹುಡಿ, ಅದನ್ನೆಲ್ಲ ಕುಡಿದು ಈಗ ಒಂದು ಬಕೆಟ್ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾನೆ, ಆದರೂ ಊಟಕ್ಕೆ ಕೂತಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಅದೇ ಮಾತು — ಹೋಗ್ಲಿ ಬಿಡೇ, ಅದು ನನ್ನಲ್ಲೇ ನಿಂತ್ಕೊಳ್ತಲ್ಲ, ಅಲ್ಲೇ ಪೈಪ್ ಕೆಳಗೆ ಮೈ ತೊಳ್ಕೊಂಡೇ ಬರ್ತಿದ್ದೆ, ಮನೆಗೆ ಒಂದು ಚಿಟಿಕೆನೂ ತರ್ಲಿಲ್ಲ. ಹೌದು ರೀ, ಅನ್ನುತ್ತಾಳೆ. ಆಗ ಅವನ ಮುಖ ಒಂದು ಕ್ಷಣ ಸಡಿಲವಾಗುತ್ತದೆ, ಆ ಕ್ಷಣವನ್ನು ಹಾಳುಮಾಡಲು ಅವಳಿಗೆ ಮನಸ್ಸಿಲ್ಲ, ಮನಸ್ಸಿಲ್ಲ ಎಂದರೆ ಇಲ್ಲ.

ಮೈ ತೊಳೆದುಕೊಂಡು ಬರುತ್ತಿದ್ದ ನಿಜ, ಬಟ್ಟೆ? ಗಂಟು ಕಟ್ಟಿದ ಚೀಲ ಬಾಗಿಲ ಹಿಂದೆ ಬೀಳುತ್ತಿತ್ತು, ರಾತ್ರಿಪಾಳಿ ಮುಗಿಸಿ ಬಂದವನು ಬೆಳಗ್ಗೆ ಮಲಗಿದರೆ ಹೆಣದ ನಿದ್ದೆ, ಸಂಜೆ ಎದ್ದಾಗ ಮಡಿಸಿಟ್ಟ ಅಂಗಿ ಪ್ಯಾಂಟು ತಲೆದೆಸೆಯಲ್ಲಿ, ಗಂಡಸರ ಪಾಲಿಗೆ ಬಟ್ಟೆ ತಾನೇ ಒಗೆದುಕೊಳ್ಳುತ್ತದೆ, ತಾನೇ ಮಡಚಿಕೊಳ್ಳುತ್ತದೆ. ಮೊದಲ ದಿನ ಹಾಗೇ ನೆನೆಸಿದ್ದಳು, ತೋಳಿನ ಮಡಿಕೆಯಲ್ಲಿ ಸಿಮೆಂಟು ಗಟ್ಟಿಯಾಗಿ ಅಂಗಿ ಮುರಿಯುವ ಹಾಗಾಯಿತು, ಬಚ್ಚಲಿನ ಮೋರಿ ಕಟ್ಟಿಕೊಂಡಿತು, ಆಗ ಮೇಲಿನ ಮನೆಯ ಕ್ರೇನಕ್ಕ — ಅದೇ ಗೋದಾಮಿನಲ್ಲಿ ಕ್ರೇನ್ ಓಡಿಸುತ್ತಿದ್ದವನ ಹೆಂಡತಿ, ಮಾತಿಗೆ ನಿಂತರೆ ಕ್ರೇನಿನಷ್ಟೇ ಸದ್ದು — ಅಯ್ಯೋ ಪೆದ್ದಿ, ಮೊದ್ಲು ಕೊಡವಬೇಕು ಕಣೇ, ಒಣಗಿದ್ದಾಗ್ಲೇ ಕೊಡವಬೇಕು, ಎಂದು ತಾರಸಿಗೆ ಎಳೆದುಕೊಂಡು ಹೋದಳು. ಕಾಲರು ಇವಳ ಕೈಯಲ್ಲಿ, ಅಂಚು ಅವಳ ಕೈಯಲ್ಲಿ, ಪಟ್, ಪಟ್, ಬಿಸಿಲಲ್ಲಿ ಬೂದು ಮೋಡವೇಳುತ್ತದೆ, ಇಬ್ಬರೂ ಒಬ್ಬರ ನರೆತ ಹುಬ್ಬು ನೋಡಿ ಇನ್ನೊಬ್ಬರು ನಗುತ್ತಾರೆ, ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು, ಪಕ್ಕದ ಹಗ್ಗದಲ್ಲಿ ಒಣಗುವ ಬೇರೆಯವರ ಬಟ್ಟೆಗೆ ಧೂಳು ಕೂರಬಾರದೆಂದು ಹಳೇ ಹೊದಿಕೆ ಮುಚ್ಚಿದ್ದರು, ಅಷ್ಟು ಜಾಣತನ ಇತ್ತು, ತಮ್ಮ ಮೂಗಿಗೊಂದು ಕರ್ಚೀಫು ಕಟ್ಟಿಕೊಳ್ಳುವುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಕ್ರೇನಕ್ಕ ಈಗ ಮೆಟ್ಟಿಲು ಹತ್ತುವಾಗ ಮಾತಾಡುವುದಿಲ್ಲ. ಅದನ್ನು ನೆನೆದರೆ ಇವಳಿಗೆ ಭಯವಾಗುತ್ತದೆ.

ಮತ್ತೊಮ್ಮೆ ಊದಿ, ಕೊನೇದು, ಎನ್ನುತ್ತಿದ್ದಾಳೆ ಹುಡುಗಿ, ಕೊನೆಯದಂತೆ, ಇನ್ನು ಸ್ವಲ್ಪ ಹೊತ್ತು ತಡೆದರೆ ಸಾಕು, ಕಣ್ಣಲ್ಲಿ ನೀರು, ಸೆರಗು ಕಚ್ಚಿಕೊಂಡಿದ್ದಾಳೆ, ತುರಿಕೆ ಮೇಲೇರುತ್ತಿದೆ, ಬೇರೆ ಏನಾದರೂ ಯೋಚಿಸು, ಅವನು ಹೇಳುತ್ತಿರುತ್ತಾನಲ್ಲ, ನೆಗಡಿ ಕೆಮ್ಮೇ ಬೇರೆ ನಮ್ಮ ಕೆಮ್ಮೇ ಬೇರೆ, ನಮ್ಮದರ ಬಾಲದಲ್ಲೊಂದು ಶಿಳ್ಳೆ ಇರುತ್ತೆ, ನೂರು ಜನರ ಮಧ್ಯೆ ಗುರುತು ಹಿಡೀತೀನಿ — ಅಯ್ಯೋ ಅದನ್ನು ಯೋಚಿಸಬೇಡ, ಬೇರೆ, ಬೇರೆ ಏನಾದರೂ, ಹಾಲು, ಹಾಲು ತಗೊಂಡು ಹೋಗಬೇಕು, ಮಗಳ ಶಾಲೆ ಬಿಡುವ ಹೊತ್ತು, ಹಾಲು — ಬಂತು, ಸೆರಗನ್ನೂ ಕೈಯನ್ನೂ ದಾಟಿ ಬಂತು, ಒಂದರ ಬೆನ್ನಿಗೆ ಇನ್ನೊಂದು, ಪಕ್ಕೆಲುಬು ಬಿರಿಯುವಂತೆ, ಮುದುಕಿ ಬೆಚ್ಚಿ ಕಣ್ಣು ಬಿಟ್ಟಳು, ಎಲ್ಲ ಮುಗಿದ ಮೇಲೆ ಎದೆಯಿಂದ ಒಂದು ತೆಳ್ಳನೆಯ ಶಿಳ್ಳೆ ಎದ್ದು ಕಾರಿಡಾರಿನ ಉದ್ದಕ್ಕೂ ಹೋಯಿತು. ಒಳಗೆ ಊದುವ ಸದ್ದು ನಿಂತಿತು.

ಬಾಗಿಲು ತೆರೆಯಿತು. ಅವನು ನಗುತ್ತಿದ್ದಾನೆ, ಮೂಗಿಗೆ ಹಾಕಿದ್ದ ಕ್ಲಿಪ್ಪಿನ ಕೆಂಪು ಗುರುತು ಇನ್ನೂ ಇದೆ, ಜೊತೆಯಲ್ಲಿ ಕೆಲಸ ಮಾಡಿದ, ಎಲ್ಲರೂ ಡೋಲು ಎಂದೇ ಕರೆಯುವವನನ್ನು ಹುಡುಕುವ ಕಣ್ಣು, ಎಲ್ಲಿ ನಮ್ಮ ಡೋಲು, ಅವನೂ ಬಂದಿದ್ದಾನಾ, ನಮ್ಮವರು ಯಾರೋ ಕೆಮ್ಮಿದ ಹಾಗಾಯ್ತಲ್ಲ — ಕಾರಿಡಾರಿನ ಆ ತುದಿ ನೋಡಿದ, ಈ ತುದಿ ನೋಡಿದ, ಮುದುಕಿಯನ್ನು ನೋಡಿದ, ಅವಳನ್ನು ನೋಡಿದ. ನಗು ಮುಖದ ಮೇಲೆ ಉಳಿದೇ ಇತ್ತು, ತೆಗೆಯಲು ಮರೆತವನ ಹಾಗೆ. ನೀನು ಅಲ್ಲಿಗೆ ಬಂದೇ ಇರ್ಲಿಲ್ವಲ್ಲೇ, ಅಂದ. ಮೆಣಸಿನಕಾಯಿ ಎನ್ನಲು ಬಾಯಿ ತೆರೆದಳು, ಆಸ್ಪತ್ರೆಯಲ್ಲಿ ಎಲ್ಲಿಯ ಮೆಣಸಿನಕಾಯಿ, ತೆರೆದ ಬಾಯಿಯಿಂದ ನಿಜವೇ ಬಿದ್ದುಹೋಯಿತು, ಬಟ್ಟೆ ಬರ್ತಿತ್ತಲ್ರೀ. ನೀವೂ ಒಂದ್ಸಲ ಊದ್ಬಿಡಿ ಅಕ್ಕ, ಎಂದು ಹುಡುಗಿ ಒಳಗಿಂದ ಕರೆಯುತ್ತಿದ್ದಾಳೆ, ಹೋಗಬೇಕು, ಏಳಬೇಕು, ಆದರೆ ಅವನು ಪಕ್ಕದಲ್ಲಿ ಕೂರಲು ಬಂದವನು, ಮದುವೆಯಾದಾಗಿನಿಂದ ಬಸ್ಸಿರಲಿ ಬೆಂಚಿರಲಿ ಒತ್ತಿಕೊಂಡೇ ಕೂರುವವನು, ಅರ್ಧ ಬಗ್ಗಿ, ತಡೆದು, ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡು, ಅದರ ತೋಳು ಅವಳಿಗೆ ತಾಗದಂತೆ ಕೈಗಳನ್ನು ಮೈಗೆ ಬಿಗಿಹಿಡಿದು, ಒಂದು ಕುರ್ಚಿ ಬಿಟ್ಟು ಕೂತ, ಬನ್ನಿ ಅಕ್ಕ, ಎನ್ನುತ್ತಾಳೆ ಹುಡುಗಿ, ನಡುವೆ ಆ ಕುರ್ಚಿ, ನೀಲಿ ಪ್ಲಾಸ್ಟಿಕ್ಕು, ಬೆನ್ನಿನ ಹತ್ತಿರ ಸೀಳು, ನಿನ್ನೆ ಒಗೆದ ಅಂಗಿ ರೀ ಅದು ಅನ್ನಬೇಕು, ಶುಭ್ರವಾಗಿದೆ ರೀ, ಉಸಿರು ಸಿಗುತ್ತಿಲ್ಲ, ಬನ್ನಿ ಅಕ್ಕ, ಆ ಕುರ್ಚಿ, ಅವನಿಗೂ ಅವಳಿಗೂ ನಡುವೆ, ಖಾಲಿ, ಆ ಕುರ್ಚಿ.