ಹಸಿ ಹೆಂಟೆಯ ಒಡ್ಡು

ಕ್ಲೂನ್‌ಬರ್ನ್ ಜೌಗಿನಲ್ಲಿ ಉರುವಲು ಹೆಂಟೆ, ಅಂದರೆ ಒಣಗಿಸಿ ಒಲೆಗೆ ಹಾಕುವ ಕೊಳೆತ ಪಾಚಿಯ ಕಪ್ಪು ಮಣ್ಣು, ಕಡಿಯುವುದನ್ನು ಜೌಗು ಉಳಿಸಲೆಂದು ಸರ್ಕಾರ ನಿಷೇಧಿಸಿ ಎರಡು ಬೇಸಿಗೆ ಕಳೆದಿದ್ದವು. ಮಲಾಕಿ ಗೆರಟಿಯ ಮನೆತನಕ್ಕೆ ಅಲ್ಲಿ ಕಡಿಯುವ ಹಕ್ಕು ಐದು ತಲೆಮಾರಿನಿಂದ ಬಂದದ್ದು. ಈಗ ಅದನ್ನು ಬಿಟ್ಟುಕೊಟ್ಟೆನೆಂದು ಸಹಿ ಹಾಕಿದರೆ ವರ್ಷಾವರ್ಷ ಬೇರೆ ಉರುವಲು ಮನೆಬಾಗಿಲಿಗೆ ಬರುತ್ತಿತ್ತು. ಅರವತ್ತೆಂಟರ ಮಲಾಕಿ ಸಹಿ ಹಾಕಿರಲಿಲ್ಲ.

ಅವನಿಗಿದ್ದದ್ದು ಉರುವಲಿನ ಚಿಂತೆಯಲ್ಲ. ಅವನಪ್ಪ ಕಲಿಸಿದ ಕ್ರಮವೊಂದಿತ್ತು: ಸ್ಲಾನ್ ಎಂಬ ರೆಕ್ಕೆಯ ಸನಿಕೆಯನ್ನು ಊರುವ ಮೊದಲು ಹೆಂಟೆ ಕಡಿಯುವ ದಂಡೆಯ ಮೇಲಿನ ಹುಲ್ಲುಹೊದಿಕೆಯನ್ನು ಬಿಡಿಸಿ, ಹಿಂದಿನ ವರ್ಷ ಕಡಿದ ಗುಂಡಿಯ ತಳದಲ್ಲಿ ಹಸಿರು ಮೇಲಾಗಿ ಹಾಸಬೇಕು. ಅವನ ಹಳೆಯ ಗುಂಡಿಗಳಲ್ಲಿ ಪಾಚಿ ದಟ್ಟವಾಗಿ ಬೆಳೆದಿತ್ತು. ಪಕ್ಕದ ಪಾಲಿನ ಕೋಲ್ಮನ್ ಫಿಯರಿಕ್ ಯಂತ್ರ ತಂದು, ಹತ್ತು ಮನೆಗಾಗುವಷ್ಟು ಬಗೆದು ಪೇಟೆಗೆ ಮಾರಿದ್ದ. ಅವನ ಪಾಲು ಸೀದ ಬಾಣಲೆಯಂತೆ ಬೋಳಾಗಿತ್ತು. ನಿಷೇಧದ ವಿರುದ್ಧ ನಡೆದ ಸಭೆಗಳಲ್ಲಿ ಹಿರಿಯರ ಸಂಪ್ರದಾಯವೆಂದು ಗಂಟಲು ಹರಿದುಕೊಂಡವನೂ ಅವನೇ, ಎಲ್ಲರಿಗಿಂತ ಮೊದಲು ಸಹಿ ಹಾಕಿದವನೂ ಅವನೇ. ಸರ್ಕಾರದ ಪತ್ರ ಇಬ್ಬರಿಗೂ ಒಂದೇ ಒಕ್ಕಣೆಯಲ್ಲಿ ಬಂದಿತ್ತು. ಉಳಿಸಿದವನನ್ನೂ ನುಂಗಿದವನನ್ನೂ ಬೇರ್ಪಡಿಸಿ ನೋಡಲಾರದ ಕಾನೂನನ್ನು ನ್ಯಾಯವೆಂದು ಒಪ್ಪಲು ಮಲಾಕಿಗೆ ಮನಸ್ಸಾಗಲಿಲ್ಲ.

ಮೇ ತಿಂಗಳಲ್ಲಿ ಜೌಗಿನ ರಕ್ಷಣಾಧಿಕಾರಿ ಸೋರ್ಖಾ ನಾಟನ್ ಕೆಲಸಗಾರರೊಂದಿಗೆ ಬಂದು, ಜೌಗು ಮತ್ತೆ ಬೆಳೆಯುವಂತೆ ನೀರು ನಿಲ್ಲಿಸಲೆಂದು ಕೋಲ್ಮನ್‌ನ ಪಾಲಿನಲ್ಲಿ ಹರಿಯುತ್ತಿದ್ದ ಬಸಿಗಾಲುವೆಗೆ ಒಡ್ಡು ಹಾಕಿಸಿದಳು. ಅಲ್ಲೇ ಬಿದ್ದಿದ್ದ ಒಣಹೆಂಟೆಗಳ ರಾಶಿಯನ್ನು ಅದಕ್ಕೆ ತುಂಬಿಸಿದಳು. ಮೂರನೆಯ ದಿನ ಅವೆಲ್ಲ ತೇಲಿಹೋದವು.

“ನೋಡೋ ಮಲಾಕಿ, ಸರ್ಕಾರದೋರು ಬಾತುಕೋಳಿ ಸಾಕ್ತಾ ಇದಾರೆ” ಎಂದ ಕೋಲ್ಮನ್.

ಮಲಾಕಿ ನಗಲಿಲ್ಲ. ಅವನು ಸೋರ್ಖಾಳ ಬಳಿಗೆ ಹೋದ.

“ಒಂದ್ಸಲ ಒಣಗಿದ ಹೆಂಟೆ ಮತ್ತೆ ನೀರು ಕುಡಿಯಲ್ಲ, ಮಗಳೇ. ಹಸೀದು ಬೇಕು. ಇವನ ಪಾಲಲ್ಲಿ ಹುಡುಕ್ಬೇಡ, ಜೇಡಿಮಣ್ಣು ಸಿಗೋವರೆಗೂ ಬಗೆದು ತಿಂದಿದಾನೆ.”

“ಇರೋದು ನಿಮ್ಮ ದಂಡೇಲಿ ಮಾತ್ರ, ಯಜಮಾನರೇ. ಆದ್ರೆ ಕಡಿಯೋ ಹಾಗಿಲ್ವಲ್ಲ.”

“ಹಾಗಿಲ್ಲ ಅಂತ ಬರೆದಿದ್ದೂ ನಿಮ್ಮೋರೇ. ಈಗ ನಂಗೆ ಹಕ್ಕಿದೆ ಅಂತ ಬರೆದುಕೊಡಿ. ಅಪ್ಪಣೆ ಅಂತ ಬರೀಬೇಡಿ, ಹಕ್ಕು ಅಂತ ಬರೀರಿ. ನಾನೇ ಕಡಿದು ಕೊಡ್ತೀನಿ.”

ಒಡ್ಡು ನಿಂತರೆ ಕಾಲುವೆಯ ನೀರು ಹಿಂದಕ್ಕೇರಿ ಅವನ ದಂಡೆಯನ್ನೂ ಮುಳುಗಿಸುತ್ತದೆ, ಮತ್ತೆಂದೂ ಅಲ್ಲಿ ಸನಿಕೆ ಊರಲಾಗದು ಎಂದು ಸೋರ್ಖಾ ಮುಚ್ಚುಮರೆಯಿಲ್ಲದೆ ಹೇಳಿದಳು. ಅದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಕಚೇರಿಯವರು ಅಪ್ಪಣೆಯೆಂದೇ ಬರೆಯುವಂತೆ ಎರಡು ಸಲ ತಿಳಿಸಿದರು. ವಾರದ ಕೊನೆಗೆ ಅವಳು ತನ್ನ ಕೈಬರಹದಲ್ಲೇ ಹಕ್ಕು ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿ ತಂದುಕೊಟ್ಟಳು. ಮಲಾಕಿ ಅದನ್ನು ಎರಡು ಬಾರಿ ಓದಿ, ಮಡಚಿ ಒಳಜೇಬಿಗೆ ಸೇರಿಸಿದ.

ಐದು ದಿನ ಅವನು ಕಡಿದ. ಬೆಣ್ಣೆಯಂತೆ ನುಣುಪಾದ ಕಪ್ಪು ಹೆಂಟೆಗಳನ್ನು ಕೆಲಸಗಾರರು ಕೆಳಗೆ ನಿಂತು ಹಿಡಿದು ಕಾಲುವೆಗೆ ಒತ್ತಿದರು.

ಕೋಲ್ಮನ್‌ಗೆ ಸುಮ್ಮನಿರಲಾಗಲಿಲ್ಲ. “ನಿನ್ನ ಪಾಲನ್ನ ನೀನೇ ಮುಳುಗಿಸ್ತಿದೀಯಲ್ಲೋ, ಪೆದ್ದಾ.”

“ಮುಳುಗೋಕಾದ್ರೂ ಏನಾದ್ರೂ ಉಳಿದಿದೆಯಲ್ಲ” ಎಂದ ಮಲಾಕಿ, ಸನಿಕೆ ನಿಲ್ಲಿಸದೆ.

ಈ ಸಲ ಒಡ್ಡು ನಿಂತಿತು. ಕೊನೆಯ ದಿನ, ಎಲ್ಲರೂ ಹೊರಟ ಮೇಲೆ, ಮಲಾಕಿ ಬದಿಗಿಟ್ಟಿದ್ದ ಹುಲ್ಲುಹೊದಿಕೆಗಳನ್ನು ಒಂದೊಂದಾಗಿ ಹೊತ್ತು ತಂದು ಹೊಸ ಗುಂಡಿಯ ತಳದಲ್ಲಿ ಹಾಸಿದ. ನೀರು ಆಗಲೇ ಅವನ ಹಿಮ್ಮಡಿಗೇರಿತ್ತು. ಹೇಗೂ ಮುಳುಗುವ ನೆಲಕ್ಕೆ ಇದೇಕೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಒಂದು ಹೊದಿಕೆ ಕೈಜಾರಿ ಕವುಚಿಬಿತ್ತು. ಅವನು ಬಗ್ಗಿ ಅದನ್ನು ಹಸಿರು ಮೇಲಾಗಿ ತಿರುಗಿಸಿಟ್ಟು, ಸನಿಕೆಯನ್ನು ಅದೇ ನೀರಿನಲ್ಲಿ ತೊಳೆದುಕೊಂಡು ಮನೆಗೆ ಹೋದ.