ಬಳಿಗೆ ಸೇರದವಳು

ತೆಕ್ಕಟ್ಟೆಯ ರಾಜೀವಕ್ಕನಿಗೆ ಕುಟುಂಬದ ಕತೆಯೆಲ್ಲ ಬಾಯಿಪಾಠ. ಯಾರ ಮಗಳನ್ನು ಯಾರಿಗೆ ಕೊಟ್ಟದ್ದು, ಯಾರದ್ದು ಯಾವ ಬಳಿ, ಅಂದರೆ ಯಾವ ಕುಲ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ತಡವರಿಸದೆ ಹೇಳುವವರು. ಅವರು ಹೇಳಿದ್ದನ್ನು ತಿದ್ದಲು ಬ್ರಹ್ಮನಾದರೂ ಎರಡು ಸಲ ಯೋಚಿಸಬೇಕು. ಹಾಗಾಗಿ ಅವರ ತಾಯಿ ಪ್ರಭಾವತಿಯಮ್ಮ ಕುತ್ತಿಗೆಯ ಗಡ್ಡೆ ತೆಗೆಸಿಯೂ ಉಳಿಯದೆ ಹೋದಾಗ, ಇದು ರಕ್ತದಲ್ಲಿ ಹರಿದು ಬರುವ ಕಾಯಿಲೆ, ಮನೆತನದವರ ಹೆಸರೆಲ್ಲ ಬೇಕೆಂದು ಜೀನ್ ಸಂಶೋಧನೆಯವರು ಕೇಳಿದಾಗ, ಎಲ್ಲರೂ ರಾಜೀವಕ್ಕನ ಕಡೆಗೇ ಬೊಟ್ಟು ಮಾಡಿದ್ದರು. ಅವರೂ ಗತ್ತಿನಿಂದಲೇ ಪಟ್ಟಿ ಬರೆಸಿದ್ದರು. ನಾಗಬನದ ಪೂಜೆಗೆ ಎಲ್ಲರೂ ಸೇರಿದ ದಿನ ರಕ್ತವನ್ನೂ ತೆಗೆದುಕೊಂಡು ಹೋಗಿದ್ದರು.

ಅಂದಿನಿಂದ ಎಂಟು ತಿಂಗಳು ರಾಜೀವಕ್ಕನಿಗೆ ನೆಮ್ಮದಿಯಿಲ್ಲ. ದಿನಕ್ಕೆ ಹತ್ತು ಸಲ ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಳ್ಳುವುದು, ಮಗ ಮಿಥುನ್ ಊಟಕ್ಕೆ ಕುಳಿತರೆ ಅವನ ಕುತ್ತಿಗೆ ನೋಡುವುದು. ಆ ಮಧ್ಯಾಹ್ನ ಬ್ರಹ್ಮಾವರದ ಹುಡುಗಿ ಪ್ರಣೀತಾ, ಅದೇ ಸಂಶೋಧನೆಯವಳು, ಸ್ಕೂಟರ್ ನಿಲ್ಲಿಸಿ ಫೈಲು ಹಿಡಿದು ಒಳಗೆ ಬಂದಾಗ ರಾಜೀವಕ್ಕನ ಕೈ ಮತ್ತೆ ಕುತ್ತಿಗೆಗೇ ಹೋಯಿತು.

“ಹೆದ್ರಬೇಡಿ ಅಕ್ಕ. ಜೀನಿನ ತಪ್ಪ್ ನಿಮ್ಗೂ ಇತ್ತ್, ಮಿಥುನಂಗೂ ಇತ್ತ್. ಆದ್ರೆ ಕಾಯ್ಲೆ ಬತ್ತಿಲ್ಲೆ” ಎಂದಳು ಪ್ರಣೀತಾ.

“ತಪ್ಪ್ ಇದ್ದ್ಮೇಲೆ ಬತ್ತಿಲ್ಲೆ ಅಂದ್ರೆ ಎಂತ ಮಾರಾಯ್ತಿ?”

ಪ್ರಣೀತಾ ಸಾವಧಾನವಾಗಿ ಬಿಡಿಸಿ ಹೇಳಿದಳು. ಈ ಜೀನು ಎಲ್ಲರಲ್ಲೂ ಎರಡೆರಡು ಪ್ರತಿ ಇರುತ್ತದೆ, ತಾಯಿಯದೊಂದು, ತಂದೆಯದೊಂದು. ತಾಯಿಯಿಂದ ಬಂದ ಪ್ರತಿಗೆ ದೇಹ ತಾನೇ ಬೀಗ ಹಾಕಿಬಿಡುತ್ತದೆ. ಅದರಲ್ಲಿ ತಪ್ಪಿದ್ದರೂ ಅದು ಬಾಯಿ ತೆರೆಯುವುದಿಲ್ಲ. ಪ್ರಭಾವತಿಯಮ್ಮನಿಗೆ ತಪ್ಪು ಬಂದದ್ದು ಅವರ ಅಪ್ಪಯ್ಯನಿಂದ, ಅದಕ್ಕೇ ಕಾಯಿಲೆಯಾಯಿತು. ಅವರ ಮಕ್ಕಳಾದ ರಾಜೀವಕ್ಕನಿಗೂ ತಮ್ಮ ಚಂದಯ್ಯನಿಗೂ ಬಂದದ್ದು ತಾಯಿಯಿಂದ, ಮಿಥುನನಿಗೂ ಅವನ ತಾಯಿಯಿಂದ, ಹಾಗಾಗಿ ಮೂವರೂ ಕ್ಷೇಮ.

ರಾಜೀವಕ್ಕ ಎಂಟು ತಿಂಗಳಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಕಣ್ಣಲ್ಲಿ ನೀರೇ ಬಂತು.

“ಮಿಥುನಂಗೆ ಮಕ್ಳ್ ಆಪ್ಪ ಹೊತ್ತಿಗೆ ಮಾತ್ರ ಜಾಗ್ರತೆ ಬೇಕ್” ಎಂದಳು ಪ್ರಣೀತಾ. “ಗಂಡಸ್ರ ಮಕ್ಳಿಗೆ ಈ ಬೀಗ ಇಲ್ಲೆ ಕಾಣಿ. ನಿಮ್ಮ್ ಪಟ್ಟಿಯಂಗೆ ಗಂಡಸ್ರ ಮಕ್ಳ್ ಒಬ್ರೂ ಇಲ್ಲೆ, ಅದೇ ಪುಣ್ಯ.”

ಕಣ್ಣೊರೆಸಿಕೊಳ್ಳುತ್ತಿದ್ದ ರಾಜೀವಕ್ಕ ಅಲ್ಲೇ ನಿಲ್ಲಿಸಿದರು. ಚಂದಯ್ಯನಿಗೆ ಮಗಳಿಲ್ಲವೇ, ಅಕ್ಷಯಾ? ಆದರೆ ಬಂಟರಲ್ಲಿ ಬಳಿಯೂ ಆಸ್ತಿಯೂ ಬರುವುದು ತಾಯಿಯ ಕಡೆಯಿಂದ. ಚಂದಯ್ಯನ ಮಗಳು ಅವನ ಹೆಂಡತಿ ಬೇಬಿಯ ಬಳಿಯವಳು, ತಾಯಿಯ ತವರಾದ ತ್ರಾಸಿಯ ಮನೆಯವಳು. ಕುಟುಂಬದ ಹೆಸರು ಹೇಳಿ ಅಂದರೆ ತಮ್ಮನ ಮಗಳನ್ನು ಸೇರಿಸಬೇಕೆಂದು ರಾಜೀವಕ್ಕನಿಗೆ ಹೊಳೆಯುವುದಾದರೂ ಹೇಗೆ? ಅವರ ತಾಯಿಯೂ ಸೇರಿಸಿದವರಲ್ಲ, ಅಜ್ಜಿಯೂ ಸೇರಿಸಿದವರಲ್ಲ.

ಆ ಅಕ್ಷಯಾ ಈಗ ತುಂಬಿದ ಬಸುರಿ, ಕುಂದಾಪುರದ ಆಸ್ಪತ್ರೆಯಲ್ಲಿದ್ದಾಳೆ. ಬಿ.ಪಿ. ಇಳಿಯುತ್ತಿಲ್ಲವೆಂದು ಮೂರು ಗಂಟೆಗೆ ಆಪರೇಷನ್. ಸಂಜೆ ಮಗು ನೋಡಲು ಹೋಗುವುದೆಂದು ರಾಜೀವಕ್ಕ ಸೀರೆಯನ್ನೂ ತೆಗೆದಿಟ್ಟಿದ್ದರು.

“ತಮ್ಮಂಗ್ ಮಗಳ್ ಇತ್ತ್, ಮೂರ್ ಗಂಟಿಗೆ ಅದ್ಕೆ ಹೆರಿಗಿ ಆಪರೇಷನ್. ಬೆವ್ರುದ್, ಎದಿ ಹೊಡ್ಕಂಬುದ್, ತಲಿನೋವ್... ಬಸ್ರಂಗೆ ಇದೆಲ್ಲ ಇಪ್ಪುದೇ ಅಂದ್ಹೇಳಿ ನಾನೇ ಸಮಾಧಾನ ಮಾಡಿದ್ದೆ” ಎಂದರು ತೊದಲುತ್ತ.

ಪ್ರಣೀತಾ ಫೈಲು ಮುಚ್ಚಿ ಎದ್ದು ನಿಂತಳು. “ಅಕ್ಕ, ಈ ಗಡ್ಡೆ ಹೊಟ್ಟೆಯೊಳಗೂ ಆತ್ತ್. ಅದ್ ಇದ್ದಿದ್ದ್ ಗೊತ್ತಿಲ್ದೆ ಅರಿವಳಿಕೆ ಕೊಟ್ರೆ ಜೀವಕ್ಕೇ ಅಪಾಯ. ಫೋನ್ ಮಾಡಿ. ಈಗ್ಲೇ ಮಾಡಿ.”

ಗಡಿಯಾರದಲ್ಲಿ ಎರಡೂ ಐವತ್ತು. ಮುಂಬೈಯಲ್ಲಿ ಹೋಟೆಲು ನಡೆಸುವ ಚಂದಯ್ಯ ಫೋನ್ ಎತ್ತಲಿಲ್ಲ. ಬೇಬಿಗೆ ಮಾಡಿದರೆ ಬಿಜಿ, ಮತ್ತೂ ಬಿಜಿ. ಗಡಿಬಿಡಿಯಲ್ಲಿ ಹೆಸರೇ ಸಿಗದೆ ಒಮ್ಮೆ ಯಾರೋ ಮೀನಿನವಳಿಗೆ ಹೋಯಿತು. ನಾಲ್ಕನೆಯ ಸಲ ಬೇಬಿ ಎತ್ತಿದಳು.

“ಒಳಗ್ ಕರ್ಕಂಡ್ ಹೋಯಿ ಆಯ್ತ್ ಅತ್ತಿಗೆ.”

“ನಿಲ್ಸುಕೆ ಹೇಳ್ ಬೇಬಿ! ಅರಿವಳಿಕೆ ಕೊಡುಕಾಗ. ಅಮ್ಮಂಗೆ ಇದ್ದ ಕಾಯ್ಲೆ ಅಕ್ಷಯಂಗೂ ಇಪ್ಪುಕ್ ಸಾಕ್.”

ಬೇಬಿಯ ದನಿ ಗಡುಸಾಯಿತು. “ಎಂತ ಮಾತ್ ಅತ್ತಿಗೆ ಇದ್? ರಕ್ತ ತೆಗಿಯುಕ್ ಬಂದಾಗ ನೀವ್ ಅಕ್ಷಯನ ಹೆಸ್ರೇ ಹೇಳ್ಲಿಲ್ಲೆ. ನಿಮ್ಮನಿ ಕಾಯ್ಲೆ ನಮ್ಮನಿ ಹೆಣ್ಣಿಗೆ ಎಲ್ಲಿಂದ ಬತ್ತ್?”

“ನಿಮ್ಮನಿದಲ್ಲ ಬೇಬಿ, ಅದ್ ನಮ್ಮನಿ ಹೆಣ್ಣ್!” ರಾಜೀವಕ್ಕ ಕಿರುಚಿಯೇಬಿಟ್ಟರು. “ನನ್ ತಮ್ಮನ್ ರಕ್ತ ಅದ್. ನಾನ್ ತಪ್ಪ್ ಮಾಡಿದೆ. ನಿನ್ ದಮ್ಮಯ್ಯ, ಬಾಗ್ಲ್ ಬಡಿ!”

ಫೋನಿನೊಳಗೆ ಚಪ್ಪಲಿಯ ಸದ್ದು, ದಬದಬ ಬಾಗಿಲು ಬಡಿಯುವ ಸದ್ದು, ನರ್ಸಿನ ಗದರಿಕೆ. ಆಮೇಲೆ ಲೈನು ಕಡಿದುಹೋಯಿತು.

ಪ್ರಣೀತಾಳ ಸ್ಕೂಟರಿನ ಹಿಂದೆ ಕುಳಿತು ಹೆದ್ದಾರಿಯಲ್ಲಿ ಹೋಗುವಾಗ ರಾಜೀವಕ್ಕನಿಗೆ ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ. ಅಕ್ಷಯಾ ಸತ್ತರೆ ಕೊಂದವಳು ನಾನೇ ಎಂಬ ಒಂದೇ ಮಾತು ತಲೆಯೊಳಗೆ. ಹರಕೆ ಹೊರುವುದಕ್ಕೂ ಅವರಿಗೆ ನಾಚಿಕೆಯಾಯಿತು.

ಆಸ್ಪತ್ರೆಯ ಮೆಟ್ಟಿಲಲ್ಲೇ ಡಾಕ್ಟರಮ್ಮ ಎದುರಾದರು. ಪ್ರಣೀತಾ ದಾರಿಗೆ ಬೀಳುವ ಮೊದಲೇ ವರದಿಯ ಫೋಟೋವನ್ನು ಆಸ್ಪತ್ರೆಗೆ ಕಳಿಸಿದ್ದಳು. ಸೂಜಿ ಚುಚ್ಚುವ ಹೊತ್ತಿಗೆ ಬೇಬಿ ಬಾಗಿಲು ಬಡಿದಳಂತೆ. ಸ್ಕ್ಯಾನ್ ಮಾಡಿದರೆ ಬಲ ಕಿಡ್ನಿಯ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಮಗುವಿನ ಎದೆಬಡಿತ ಚೆನ್ನಾಗಿದೆ, ಮಣಿಪಾಲಕ್ಕೆ ಕಳಿಸುತ್ತೇವೆ, ಮೊದಲು ಬಿ.ಪಿ. ಹತೋಟಿಗೆ ಬರಲಿ, ಗಡ್ಡೆಯಿರುವುದು ಗೊತ್ತಾಯಿತಲ್ಲ, ಇನ್ನು ದಾರಿಯಿದೆ ಎಂದರು. ಬೇಬಿ ಗೋಡೆಗೆ ಒರಗಿ ನಿಂತಿದ್ದಳು. ಅತ್ತಿಗೆಯ ಮುಖ ನೋಡಲಿಲ್ಲ.

ಸ್ಟ್ರೆಚರನ್ನು ಆಂಬುಲೆನ್ಸಿಗೆ ಏರಿಸುವಾಗ ರಾಜೀವಕ್ಕ ಓಡಿ ಹೋಗಿ ಅಕ್ಷಯಾಳ ಕೈ ಹಿಡಿದುಕೊಂಡರು. ಬೆವರಿಗೆ ಕೂದಲು ಹಣೆಗಂಟಿತ್ತು. ಹುಡುಗಿ ಅತ್ತೆಯ ಮುಖವನ್ನೇ ನೋಡುತ್ತ ಸಣ್ಣಗೆ ನಕ್ಕಳು.

“ಅಜ್ಜಿ ಗದ್ದೆಯೂ ನಂಗ್ ಬರ್ಲಿಲ್ಲೆ, ಸರವೂ ಬರ್ಲಿಲ್ಲೆ” ಎಂದಳು. “ಇದೊಂದ್ ಮಾತ್ರ ಬಂತಾ ಅತ್ತೆ?”